ನೇಕಾರನ ಮಗ ಆಂಡ್ರೂ ಕಾರ್ನೆಗಿ

ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯ ಚರಿತ್ರೆಯಲ್ಲಿ ಮೂರು ಮಹಾಪ್ರವಾಹಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಯೂರೋಪಿನ ಬಡಜನರು ಹಡಗುಗಳಲ್ಲಿ ತುಂಬಿಕೊಂಡು ಬಂದು ಪೂರ್ವದ ಬಂದರುಗಳಲ್ಲಿ ಇಳಿಯುತ್ತಿದ್ದರು. ಸಾವಿರಾರು ಕುಟುಂಬಗಳು ಉಳುವ ನೆಲವನ್ನು ಅರಸಿ ಪಶ್ಚಿಮಕ್ಕೆ ಹೊರಡುತ್ತಿದ್ದುವು. ಇವೆರಡರ ನಡುವೆ ಕಾರ್ಖಾನೆಗಳ ಹೊಗೆಗೊಳವೆಗಳು ಒಂದೊಂದಾಗಿ ತಲೆಯೆತ್ತುತ್ತಿದ್ದುವು. ಈ ಮೂರು ಪ್ರವಾಹಗಳೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ಸಂಗಮವಾದುದನ್ನು ನೋಡಬೇಕಾದರೆ ಆಂಡ್ರೂ ಕಾರ್ನೆಗಿಯ ಜೀವನವನ್ನು ಓದಬೇಕು. ಆತನನ್ನು ದಾನಶೂರನೆಂದು ಕೊಂಡಾಡುವವರುಂಟು. ಕೂಲಿಗಾರರ ಬೆವರಿನಿಂದ ಕೊಬ್ಬಿದವನೆಂದು ಹಳಿಯುವವರೂ ಉಂಟು. ನನಗಾದರೋ ಆತನು ಮೊದಲಿನಿಂದ ಕೊನೆಯವರೆಗೂ ಒಬ್ಬ ನೇಕಾರನ ಮಗನಾಗಿಯೇ ಕಾಣುತ್ತಾನೆ. ಆ ಕಣ್ಣಿನಿಂದಲೇ ಈ ಕಥೆಯನ್ನು ಹೇಳುತ್ತೇನೆ.

ಸ್ಕಾಟ್ಲೆಂಡಿನ ಡನ್‌ಫರ್ಮ್ಲಿನ್ ಎಂಬುದು ನಾರುಬಟ್ಟೆಯ ನೇಯ್ಗೆಗೆ ಹೆಸರಾದ ಊರು. ಅಲ್ಲಿ 1835ರ ನವೆಂಬರ್ 25ರಂದು ಆಂಡ್ರೂ ಹುಟ್ಟಿದನು. ತಂದೆ ವಿಲಿಯಂ ಕಾರ್ನೆಗಿ ಚಿತ್ತಾರದ ಮೇಜುವಸ್ತ್ರಗಳನ್ನು ಕೈಮಗ್ಗದಲ್ಲಿ ನೇಯುತ್ತಿದ್ದನು. ಬಡವರಿಗೂ ಮತಾಧಿಕಾರ ಬೇಕೆಂದು ಹೋರಾಡಿದ ಚಾರ್ಟಿಸ್ಟ್ ಚಳವಳಿಗೆ ಸೇರಿದ ಮನೆತನ ಅದು. ಆದರೆ ಊರಿಗೆ ಉಗಿಯಿಂದ ನಡೆಯುವ ಮಗ್ಗಗಳು ಬಂದುವು. ಹತ್ತು ಜನರ ಕೆಲಸವನ್ನು ಯಂತ್ರವೇ ಮಾಡತೊಡಗಿದ ಮೇಲೆ ವಿಲಿಯಮನ ಕೈಚಳಕವನ್ನು ಕೇಳುವವರಿಲ್ಲವಾಯಿತು. ಯಂತ್ರದ ಮಗ್ಗ ಕೈಮಗ್ಗವನ್ನು ನುಂಗಿದ ಈ ಕಥೆ ನಮ್ಮ ನಾಡಿನ ನೇಕಾರರ ಬೀದಿಗಳಿಗೂ ಹೊಸದಲ್ಲ. ತಾಯಿ ಮಾರ್ಗರೆಟ್ ಚಿಕ್ಕದೊಂದು ಅಂಗಡಿಯಿಟ್ಟು, ಪಾದರಕ್ಷೆಗಳನ್ನು ಹೊಲಿದು ಸಂಸಾರವನ್ನು ತೂಗಿಸಿದಳು. ಕೊನೆಗೆ ಮಗ್ಗವನ್ನು ಮಾರಿ, ಸಾಲದೆ ಬಂದ ಹಣಕ್ಕೆ ಪರಿಚಿತಳೊಬ್ಬಳಿಂದ 20 ಪೌಂಡು ಸಾಲ ತಂದು, 1848ರಲ್ಲಿ ಗಂಡ ಹೆಂಡಿರು ಇಬ್ಬರು ಮಕ್ಕಳೊಡನೆ ಅಮೆರಿಕೆಗೆ ಹಡಗು ಹತ್ತಿದರು. ಹಿರಿಯ ಮಗ ಆಂಡ್ರೂವಿಗೆ ಆಗ 12 ವರ್ಷ.

ಪೆನ್ಸಿಲ್ವೇನಿಯಾ ಸಂಸ್ಥಾನದ ಪಿಟ್ಸ್‌ಬರ್ಗ್ ನಗರದ ಎದುರಿಗೆ, ನದಿಯಾಚೆ ಇದ್ದ ಆಲಿಗೆನಿ ಎಂಬಲ್ಲಿ ಅವರು ನೆಲೆಸಿದರು. ಹುಡುಗನು ಹತ್ತಿ ಗಿರಣಿಯಲ್ಲಿ ಕಂಡಿಕೆಗಳನ್ನು ಬದಲಾಯಿಸುವ ಕೆಲಸಕ್ಕೆ ಸೇರಿದನು. ಸಂಬಳ ವಾರಕ್ಕೆ 1 ಡಾಲರ್ 20 ಸೆಂಟು. ಬೆಳಕು ಹರಿಯುವ ಮುನ್ನ ಹೋಗಿ ಕತ್ತಲಾದ ಮೇಲೆ ಮನೆಗೆ ಬರಬೇಕು. ಅನಂತರ ಇನ್ನೊಂದು ಕಾರ್ಖಾನೆಯ ನೆಲಮಾಳಿಗೆಯಲ್ಲಿ ಉಗಿಯಂತ್ರವನ್ನು ನೋಡಿಕೊಳ್ಳುವ ಕೆಲಸ ದೊರೆಯಿತು. ಕಂಡಿಕೆಗಳನ್ನು ಎಣ್ಣೆಯಲ್ಲಿ ಅದ್ದುವಾಗ ಆ ವಾಸನೆಗೆ ಅವನ ಹೊಟ್ಟೆ ತೊಳಸುತ್ತಿತ್ತು. ತಂದೆಯ ಮಗ್ಗವನ್ನು ಕಸಿದುಕೊಂಡ ಉಗಿಯೇ ಮಗನಿಗೆ ಮೊದಲ ಅನ್ನವನ್ನು ಕೊಟ್ಟಿತು.

ತಂದೆಯು ಹೊಸ ದೇಶಕ್ಕೆ ಹೊಂದಿಕೊಳ್ಳಲೇ ಇಲ್ಲ. ಸ್ವಲ್ಪ ಕಾಲ ಗಿರಣಿಯಲ್ಲಿ ದುಡಿದು, ಬೇಸತ್ತು, ಮತ್ತೆ ಮಗ್ಗ ಹೂಡಿ, ನೇಯ್ದ ವಸ್ತ್ರಗಳನ್ನು ತಾನೇ ಹೊತ್ತು ಮನೆಮನೆಗೆ ತಿರುಗಿ ಮಾರಿದನು. ಒಮ್ಮೆ ಒಹಾಯೋ ನದಿಯ ದಾರಿಯಾಗಿ ಬಟ್ಟೆ ಮಾರಲು ಹೊರಟಾಗ, ಹಡಗಿನ ಕೋಣೆಗೆ ಕೊಡಲು ಹಣವಿಲ್ಲದೆ ತೆರೆದ ಅಟ್ಟದ ಮೇಲೆಯೇ ರಾತ್ರಿ ಕಳೆಯಲು ಸಿದ್ಧನಾಗಿದ್ದ ತಂದೆಯನ್ನು ಮಗನು ಕಂಡನು. ಆ ನೋವು ಅವನ ಮನಸ್ಸಿನಿಂದ ಎಂದೂ ಮಾಸಲಿಲ್ಲ. 1855ರಲ್ಲಿ ವಿಲಿಯಂ ತೀರಿಕೊಂಡನು. ವಲಸೆ ಬಂದವರೆಲ್ಲರೂ ಬಂಗಾರ ಕಂಡರೆಂದು ನಂಬುವವರು ಮಗನ ಜೊತೆಗೆ ಈ ತಂದೆಯನ್ನೂ ನೆನೆಯಬೇಕು.

ಮಗನ ದಾರಿ ಬೇರೆಯಾಯಿತು. 1849ರಲ್ಲಿ ಅವನು ತಂತಿ ಕಛೇರಿಯಲ್ಲಿ ತಂತಿಗಳನ್ನು ಹಂಚುವ ಹುಡುಗನಾದನು. ಊರಿನ ವ್ಯಾಪಾರಿಗಳ ಮುಖಗಳನ್ನೆಲ್ಲ ಗುರುತಿಟ್ಟುಕೊಂಡನು. ತಂತಿಯಂತ್ರದ ಟಕಟಕ ಸದ್ದನ್ನು ಕಿವಿಯಿಂದಲೇ ಓದಲು ಕಲಿತನು. ಆ ದಿನಗಳಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬ ಪುಣ್ಯಾತ್ಮನು ತನ್ನ ಸ್ವಂತದ ಸುಮಾರು 400 ಪುಸ್ತಕಗಳನ್ನು ದುಡಿಯುವ ಹುಡುಗರಿಗಾಗಿ ತೆರೆದಿಟ್ಟಿದ್ದನು. ಶನಿವಾರ ಬಂದಿತೆಂದರೆ ಒಬ್ಬೊಬ್ಬ ಹುಡುಗನೂ ಒಂದು ಪುಸ್ತಕವನ್ನು ಒಯ್ಯಬಹುದಾಗಿತ್ತು. ಕೈಕಸುಬಿನವರಲ್ಲದ ತಂತಿ ಹುಡುಗರಿಗೆ ಅಲ್ಲಿ ತಡೆಯುಂಟಾದಾಗ ಆಂಡ್ರೂ ಊರಿನ ಪತ್ರಿಕೆಗೆ ಕಾಗದ ಬರೆದು ಬಾಗಿಲನ್ನು ತೆರೆಯಿಸಿದನು. ಕಾಲೇಜಿನ ಗ್ರಂಥಾಲಯವನ್ನೇ ನೆಚ್ಚಿ ಓದುವ ನನ್ನಂಥವರಿಗೆ ಈ ಘಟನೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1853ರಲ್ಲಿ ಪೆನ್ಸಿಲ್ವೇನಿಯಾ ರೈಲ್ವೆಯ ಅಧಿಕಾರಿ ಥಾಮಸ್ ಸ್ಕಾಟನು ಈ ಚುರುಕು ಹುಡುಗನನ್ನು ತಿಂಗಳಿಗೆ 35 ಡಾಲರಿನ ಮೇಲೆ ತನ್ನ ಬಳಿಗೆ ಕರೆದುಕೊಂಡನು. ಆರೇ ವರ್ಷಗಳಲ್ಲಿ ಆಂಡ್ರೂ ಪಿಟ್ಸ್‌ಬರ್ಗ್ ವಿಭಾಗದ ಮೇಲ್ವಿಚಾರಕನಾದನು. ಷೇರುಗಳಲ್ಲಿ ಹಣ ತೊಡಗಿಸಿ, ಹಣವೇ ಹಣವನ್ನು ಹೆರುವ ಗುಟ್ಟನ್ನು ಕಂಡುಕೊಂಡನು. 1865ರಲ್ಲಿ ರೈಲ್ವೆಯ ಕೆಲಸವನ್ನು ಬಿಟ್ಟು ಕಬ್ಬಿಣದ ಸೇತುವೆ ಕಟ್ಟುವ ಉದ್ಯಮಕ್ಕೆ ಕೈಹಾಕಿದನು.

ಇಲ್ಲಿ ನಾವು ಪಶ್ಚಿಮದ ಕಡೆಗೆ ಒಮ್ಮೆ ಕಣ್ಣು ಹಾಯಿಸಬೇಕು. 1862ರ ಹೋಮ್‌ಸ್ಟೆಡ್ ಶಾಸನದ ಪ್ರಕಾರ, ಐದು ವರ್ಷ ನೆಲಸಿ ಸಾಗುವಳಿ ಮಾಡಿದವನಿಗೆ 160 ಎಕರೆ ಭೂಮಿ ಸ್ವಂತವಾಗುತ್ತಿತ್ತು. 1869ರ ಮೇ 10ರಂದು ಯೂಟಾ ಪ್ರಾಂತದ ಪ್ರಾಮಂಟರಿಯಲ್ಲಿ ಪೂರ್ವದ ಹಳಿಯೂ ಪಶ್ಚಿಮದ ಹಳಿಯೂ ಕೂಡಿದುವು. 1860ರಲ್ಲಿ ಸುಮಾರು 30,000 ಮೈಲಿ ಇದ್ದ ರೈಲುದಾರಿ 1900ರ ವೇಳೆಗೆ 1,90,000 ಮೈಲಿಯನ್ನು ದಾಟಿತು. ಮಿಸಿಸಿಪಿ ಮಹಾನದಿಗೆ ಸೇಂಟ್ ಲೂಯಿಯಲ್ಲಿ 1874ರಲ್ಲಿ ತೆರೆದ ಹೆಸರಾಂತ ಸೇತುವೆಯ ಲೋಹದ ಕಮಾನುಗಳನ್ನು ನಿಲ್ಲಿಸಿದ್ದು ಕಾರ್ನೆಗಿಯ ಕಂಪನಿಯೇ. ಆದರೆ ಆ ಬಯಲು ಬರಿದಾಗಿರಲಿಲ್ಲ. ತಲೆತಲಾಂತರದಿಂದ ಅಲ್ಲಿ ಬಾಳಿದ ಮೂಲನಿವಾಸಿಗಳನ್ನು ಸೈನ್ಯವೂ ಒಪ್ಪಂದದ ಕಾಗದಗಳೂ ಮೂಲೆಗೊತ್ತಿದುವು. ಅವರ ಜೀವನಾಧಾರವಾದ ಕಾಡೆಮ್ಮೆಗಳ ಹಿಂಡುಗಳು ಬೇಟೆಗಾರರ ಗುಂಡಿಗೆ ನಿರ್ನಾಮವಾದುವು. ಒಬ್ಬರಿಗೆ ಮನೆ ಕಟ್ಟಿಸಿದ ಹಳಿ ಇನ್ನೊಬ್ಬರ ಮನೆಯನ್ನು ಕಿತ್ತಿತು.

ಈ ಹಳಿಗಳಿಗೆಲ್ಲ ಉಕ್ಕು ಬೇಕಾಗಿತ್ತು. ಕರಗಿದ ಕಬ್ಬಿಣದ ಮೂಲಕ ಗಾಳಿಯನ್ನು ಊದಿ ಉಕ್ಕು ಮಾಡುವ ಬೆಸ್ಸೆಮರ್ ವಿಧಾನವನ್ನು ಇಂಗ್ಲೆಂಡಿನಲ್ಲಿ ಕಂಡು ಬೆರಗಾಗಿ ಬಂದ ಕಾರ್ನೆಗಿಯು ಪಿಟ್ಸ್‌ಬರ್ಗಿನ ಹತ್ತಿರದ ಬ್ರಾಡಕ್ಕಿನಲ್ಲಿ ದೊಡ್ಡ ಕಾರ್ಖಾನೆಯನ್ನು ಕಟ್ಟಿಸಿದನು. 1875ರಲ್ಲಿ ಅಲ್ಲಿಂದ ಹಳಿಗಳು ಹೊರಟುವು. ಪ್ರತಿಯೊಂದು ಖರ್ಚನ್ನೂ ಬಿಡಿಬಿಡಿಯಾಗಿ ಲೆಕ್ಕವಿಡುವುದು, ಹಳೆಯ ಯಂತ್ರವನ್ನು ನಿರ್ದಾಕ್ಷಿಣ್ಯವಾಗಿ ಎಸೆದು ಹೊಸದನ್ನು ತರುವುದು, ಬೆಲೆಯಿಳಿಸಿ ಎದುರಾಳಿಗಳನ್ನು ಸೋಲಿಸುವುದು, ಇದು ಆತನ ಮಾರ್ಗ. 1870ರ ಸುಮಾರಿನಲ್ಲಿ ಟನ್ನಿಗೆ 100 ಡಾಲರಿಗೂ ಮೇಲಿದ್ದ ಉಕ್ಕಿನ ಹಳಿ 1898ರಲ್ಲಿ 20 ಡಾಲರಿಗೂ ಕೆಳಗಿಳಿಯಿತು.

ಬೆಲೆ ಇಳಿದುದರ ಭಾರ ಯಾರ ಬೆನ್ನಿನ ಮೇಲೆ ಬಿದ್ದಿತು? 1881ರಿಂದ 1890ರವರೆಗಿನ ಹತ್ತು ವರ್ಷಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಜನರು ಅಮೆರಿಕೆಗೆ ಬಂದಿಳಿದರು. ಸ್ಲೊವಾಕರು, ಹಂಗೇರಿಯವರು, ಪೋಲೆಂಡಿನವರು, ಹೀಗೆ ಮಾತು ತಿಳಿಯದ, ಊರು ಕಾಣದ ರೈತಮಕ್ಕಳು ಕುಲುಮೆಗಳ ಮುಂದೆ ನಿಂತರು. ಬ್ರಾಡಕ್ಕಿನಲ್ಲಿ ಮೊದಲು ದಿನಕ್ಕೆ ಎಂಟು ಗಂಟೆಯ ಪಾಳಿಯಿತ್ತು. 1888ರಲ್ಲಿ ಕಾರ್ನೆಗಿ ಅದನ್ನು ಮತ್ತೆ ಹನ್ನೆರಡು ಗಂಟೆಗೆ ಏರಿಸಿದನು. ಹಗಲುಪಾಳಿಯವರು ರಾತ್ರಿಪಾಳಿಗೆ ಬದಲಾಗುವ ದಿನ ಇಪ್ಪತ್ತನಾಲ್ಕು ಗಂಟೆ ಎಡೆಬಿಡದೆ ದುಡಿಯಬೇಕಾಗಿತ್ತು.

1892ರಲ್ಲಿ ಹೋಮ್‌ಸ್ಟೆಡ್ ಎಂಬ ಊರಿನ ಕಾರ್ಖಾನೆಯಲ್ಲಿ ಕೂಲಿಯ ದರವನ್ನಿಳಿಸುವ ಮಾತು ಬಂದಿತು. ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕುಂಟೆಂದು ಆರು ವರ್ಷ ಹಿಂದೆ ಪತ್ರಿಕೆಯಲ್ಲಿ ಬರೆದಿದ್ದ ಕಾರ್ನೆಗಿಯು ಆಗ ಸ್ಕಾಟ್ಲೆಂಡಿನಲ್ಲಿ ವಿಶ್ರಾಂತಿಯಲ್ಲಿದ್ದನು. ಅಧಿಕಾರವನ್ನೆಲ್ಲ ಹೆನ್ರಿ ಕ್ಲೇ ಫ್ರಿಕ್ಕನ ಕೈಗೆ ಬಿಟ್ಟು, ಸಂಘವನ್ನು ಮುರಿಯಲು ಸಮ್ಮತಿಯನ್ನೂ ಕೊಟ್ಟಿದ್ದನು. ಫ್ರಿಕ್ಕನು ಕಾರ್ಖಾನೆಯ ಸುತ್ತ ಮುಳ್ಳುತಂತಿಯ ಬೇಲಿ ಹಾಕಿಸಿ ಬಾಗಿಲು ಮುಚ್ಚಿದನು. ಜುಲೈ 6ರ ಬೆಳಗಿನ ಜಾವ 300 ಮಂದಿ ಬಾಡಿಗೆಯ ಪಿಂಕರ್ಟನ್ ಕಾವಲುಗಾರರು ದೋಣಿಗಳಲ್ಲಿ ಬಂದಾಗ ನದಿಯ ದಡದಲ್ಲಿ ಗುಂಡು ಹಾರಿತು. ಎರಡು ಕಡೆಯಿಂದಲೂ ಜನ ಸತ್ತರು. ಸಂಸ್ಥಾನದ ಸೈನ್ಯ ಬಂದು ಊರನ್ನು ಹಿಡಿಯಿತು, ನವೆಂಬರಿನಲ್ಲಿ ಹೋರಾಟ ಸೋತಿತು, ಸಂಘ ನೆಲಕಚ್ಚಿತು. ಮಗ್ಗ ಕಳೆದುಕೊಂಡ ನೇಕಾರನ ಮಗನು ಈಗ ಸಾವಿರಾರು ತಂದೆಯರ ಕೈಯಿಂದ ಅವರ ಬಲವನ್ನು ಕಳೆದಿದ್ದನು. ಈ ಕಲೆ ತನ್ನನ್ನು ಬಿಡಲಿಲ್ಲವೆಂಬುದನ್ನು ಆತನೇ ಮುಂದೆ ಬರೆದುಕೊಂಡಿದ್ದಾನೆ.

1901ರಲ್ಲಿ ಕಾರ್ನೆಗಿಯು ತನ್ನ ಕಂಪನಿಯನ್ನು ಬ್ಯಾಂಕರ್ ಮಾರ್ಗನ್ನನಿಗೆ 48 ಕೋಟಿ ಡಾಲರಿಗೆ ಮಾರಿ ನಿವೃತ್ತನಾದನು. ಹಣ ಕೂಡಿಟ್ಟವನು ಅದನ್ನು ಬದುಕಿರುವಾಗಲೇ ಲೋಕಕ್ಕೆ ಹಂಚಬೇಕೆಂದು 1889ರಲ್ಲಿಯೇ ಲೇಖನ ಬರೆದಿದ್ದ ಆತನು ನುಡಿದಂತೆ ನಡೆದನು. ಕೊಟ್ಟದ್ದು 35 ಕೋಟಿ ಡಾಲರಿಗೂ ಮಿಗಿಲು. ಹುಟ್ಟೂರಿನಿಂದ ಮೊದಲ್ಗೊಂಡು 2,500ಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಕಟ್ಟಿಸಿದನು. ಊರಿನವರು ನಿವೇಶನವನ್ನೂ ವರ್ಷವರ್ಷದ ನಿರ್ವಹಣೆಯ ಹಣವನ್ನೂ ಕೊಡಬೇಕೆಂಬುದು ಆತನ ಕರಾರು. ಫಿಲಿಪೈನ್ಸನ್ನು ಅಮೆರಿಕ ವಶಪಡಿಸಿಕೊಂಡುದನ್ನು ವಿರೋಧಿಸಿದನು. ಹೇಗ್ ನಗರದ ಶಾಂತಿಮಂದಿರಕ್ಕೆ ಹಣವಿತ್ತನು. ಮಹಾಯುದ್ಧವು ಆತನ ಉತ್ಸಾಹವನ್ನು ಮುರಿಯಿತು. 1919ರ ಆಗಸ್ಟ್ 11ರಂದು ಮ್ಯಾಸಚೂಸೆಟ್ಸಿನ ಲೆನಾಕ್ಸಿನಲ್ಲಿ ಆತನು ತೀರಿಕೊಂಡನು.

ಹೋಮ್‌ಸ್ಟೆಡ್ಡಿನಲ್ಲಿಯೂ 1898ರಲ್ಲಿ ಆತನ ಗ್ರಂಥಾಲಯವೊಂದು ತೆರೆಯಿತು. ಹನ್ನೆರಡು ಗಂಟೆ ಕುಲುಮೆಯ ಮುಂದೆ ಬೆಂದು ಬಂದವನು ಪುಸ್ತಕವನ್ನು ಹಿಡಿಯುವುದು ಯಾವಾಗ? ಈ ಕಾರಣದಿಂದಲೇ ವೀಲಿಂಗ್ ಎಂಬ ಊರಿನ ಕಾರ್ಮಿಕರು 1904ರಲ್ಲಿ ಆತನ ಗ್ರಂಥಾಲಯದ ದಾನವೇ ಬೇಡವೆಂದು ಮತ ಹಾಕಿ ತಿರಸ್ಕರಿಸುವಂತೆ ಮಾಡಿದರು. ಅವರ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೂ ಪುಸ್ತಕ ಕೊಳ್ಳಲಾರದ ಎಷ್ಟೋ ಲಕ್ಷ ಹುಡುಗರು ಆ ಮಂದಿರಗಳಲ್ಲಿ ಕುಳಿತು ಓದಿದರೆಂಬುದೂ ಸುಳ್ಳಲ್ಲ. ಕರ್ನಲ್ ಆಂಡರ್ಸನ್ನನ ಋಣವನ್ನು ಕಾರ್ನೆಗಿಯು ಸಾವಿರ ಮಡಿಯಾಗಿ ತೀರಿಸಿದನು. ಅಟ್ಟದ ಮೇಲೆ ಚಳಿಯಲ್ಲಿ ರಾತ್ರಿ ಕಳೆಯಬೇಕಾಗಿದ್ದ ತಂದೆಯ ಋಣವನ್ನು ತೀರಿಸುವ ದಾರಿ ಆತನ ಕಾರ್ಖಾನೆಗಳಲ್ಲಿಯೇ ಇತ್ತು. ಅದನ್ನು ಪುಸ್ತಕಗಳಿಂದ ತೀರಿಸಲಾಗುತ್ತಿರಲಿಲ್ಲ. ನ್ಯಾಯವಾದ ಕೂಲಿಯೂ ಕೊಂಚ ಬಿಡುವೂ ಮೊದಲು, ದಾನ ಆಮೇಲೆ. ಓದಿ ಮುಂದೆ ಅಧಿಕಾರಕ್ಕೋ ಉದ್ಯಮಕ್ಕೋ ಹೋಗಲಿರುವ ನಾವು ಈ ಜೀವನದಿಂದ ಇಷ್ಟನ್ನಾದರೂ ನೆನಪಿನಲ್ಲಿಟ್ಟುಕೊಳ್ಳಬೇಕು.