ದೊಡ್ಡಸ್ವಾಮಿ ಅಬ್ಬೆ ದ್ಯುಬುವಾ

ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯವು 1963ರಲ್ಲಿ ರೂಪುಗೊಂಡಾಗ ಹಾಸನ ಸೀಮೆಯ ಹಳೆಯ ಕ್ರೈಸ್ತ ಗ್ರಾಮಗಳೂ ಅದರ ಮಡಿಲಿಗೆ ಬಂದವು. ಅವುಗಳಲ್ಲಿ ಸತ್ತಿಹಳ್ಳಿಯೂ ಒಂದು. ನಮ್ಮ ಗಿರಿಶ್ರೇಣಿಯಲ್ಲಿ ದೊಡ್ಡ ಕಾಫಿ ತೋಟಗಳು ಇನ್ನೂ ತಲೆಯೆತ್ತಿರದ ಕಾಲದಲ್ಲಿ, ಆ ಹಳ್ಳಿಯಲ್ಲಿ ಬೇಸಾಯವನ್ನೇ ನೆಚ್ಚಿದ ಕ್ರೈಸ್ತ ಸಮುದಾಯವನ್ನು ನೆಲೆಗೊಳಿಸಿದವರು ವಂದನೀಯ ಗುರು ಅಬ್ಬೆ ದ್ಯುಬುವಾ.

ಫ್ರಾನ್ಸಿನ ದಕ್ಷಿಣ ಭಾಗದ ಆರ್ದೆಷ್ ಸೀಮೆ ಅವರ ಹುಟ್ಟುನಾಡು. 1792ರಲ್ಲಿ ಗುರುದೀಕ್ಷೆ ಪಡೆದರು. ಅಲ್ಲಿ ಕ್ರಾಂತಿಯ ಕಿಚ್ಚು ಹೊತ್ತಿ, ಗುರುಗಳ ರಕ್ತ ಹರಿಯುತ್ತಿದ್ದ ವರ್ಷವದು. ಅದೇ ವರ್ಷ ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರಕ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಆಗಿನ್ನೂ ಮೂವತ್ತು ತುಂಬದ ಹರೆಯ. ಇಲ್ಲಿ ಸ್ವದೇಶದ ಉಡುಪನ್ನು ತೊರೆದು, ಈ ನೆಲದ ಉಡುಗೆ, ಊಟೋಪಚಾರ, ಭಾಷೆಗಳನ್ನು ತಮ್ಮದಾಗಿಸಿಕೊಂಡರು. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು.

1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಕೆನರಾದಿಂದ 1784ರಲ್ಲಿ ಸೆರೆಯಾಗಿ ಬಂದು, ಬಲವಂತದಿಂದ ಮತಾಂತರಗೊಂಡಿದ್ದ ಕ್ರೈಸ್ತರಲ್ಲಿ ಬದುಕುಳಿದವರು ಚದುರಿಹೋಗಿದ್ದರು. ಅಂಥವರನ್ನು ಮರಳಿ ಧರ್ಮಸಭೆಗೆ ಬರಮಾಡಿಕೊಳ್ಳುವ ಹೊಣೆ ದ್ಯುಬುವಾ ಅವರ ಪಾಲಿಗೆ ಬಂತು. ಆದರೆ ಪಾಪಕ್ಷಮೆ ಪಡೆದವನಿಗೂ ಮರುದಿನ ಹಸಿವಾಗುವುದಷ್ಟೆ! ಈ ಸಾಮಾನ್ಯ ಸಂಗತಿಯನ್ನು ಅವರು ಮರೆಯಲಿಲ್ಲವೆಂಬುದೇ ಅವರ ಹಿರಿಮೆ. 1800ರ ಸುಮಾರಿಗೆ ಬಡ ವಿಶ್ವಾಸಿಗಳನ್ನು ಸತ್ತಿಹಳ್ಳಿಯಲ್ಲಿ ಬೇಸಾಯಕ್ಕೆ ಹಚ್ಚಿದರು. ಉತ್ತಿ, ಬಿತ್ತಿ, ಮಳೆಗಾಗಿ ಮುಗಿಲು ನೋಡುವ ರೈತನಿಗೆ ದೈವಭರವಸೆಯನ್ನು ಬೇರೆ ಪಾಠವಾಗಿ ಕಲಿಸಬೇಕಾಗಿರಲಿಲ್ಲವೇನೋ.

ಆಮೇಲೆ ಸಿಡುಬಿನ ಹಾವಳಿ. ಇಂಗ್ಲೆಂಡಿನ ಜೆನ್ನರ್ ಕಂಡುಹಿಡಿದ ಗೋಸಿಡುಬಿನ ಲಸಿಕೆ ಭಾರತವನ್ನು ಮುಟ್ಟಿದ್ದು 1802ರಲ್ಲಿ. ಶೈತ್ಯಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ ಲಸಿಕೆ ಹಾಕಿಸಿಕೊಂಡವನ ತೋಳಿನ ಗುಳ್ಳೆಯಿಂದ ರಸ ತೆಗೆದು ಮತ್ತೊಬ್ಬನ ತೋಳಿಗೆ ಹಾಕಬೇಕಾಗಿತ್ತು. ರೋಗವನ್ನು ದೇವಿಯ ಮುನಿಸೆಂದು ನಂಬಿದ್ದ ತಾಯಿ, ಪರದೇಶದ ಗುರುವಿನ ಮಾತಿಗೆ ತನ್ನ ಮಗುವಿನ ತೋಳನ್ನು ಒಡ್ಡುವುದು ಸಣ್ಣ ವಿಶ್ವಾಸವೇ? 1803-04ರಲ್ಲಿ ಅವರ ಶ್ರಮದಿಂದ ಲಸಿಕೆ ಪಡೆದವರು 25,432 ಮಂದಿ ಎಂದು ಲೆಕ್ಕವಿದೆ.

ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿ 2,000 ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಬಹುಭಾಗಕ್ಕೆ ಯೇಸುಸಭೆಯ ಗುರು ಕೂರ್ದು ಅವರ ಹಿಂದಿನ ಬರವಣಿಗೆಯೇ ಮೂಲವೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಹೀಗಾಗಿ ಲೋಕವು ಗ್ರಂಥದಿಂದ ಅವರನ್ನು ನೆನೆದರೂ, ನಾವು ಸತ್ತಿಹಳ್ಳಿಯಿಂದ ನೆನೆಯುವುದೇ ಲೇಸು.

ಇನ್ನೊಂದು ಸಂಗತಿಯನ್ನು ಮರೆಮಾಚಲಾಗದು. ಮೂವತ್ತು ವರ್ಷಗಳ ದುಡಿಮೆಯ ಬಳಿಕ, 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಭಾರತದಲ್ಲಿ ಧರ್ಮಪ್ರಚಾರ ಫಲಿಸುವ ಆಸೆಯೇ ಇಲ್ಲವೆಂದು ಅವರು ಬರೆದರು. ಅನೇಕರು ಇದನ್ನು ಖಂಡಿಸಿದರು. ಆದರೆ ಫಲ ಕಾಣದೆಯೂ ಅಷ್ಟು ವರ್ಷ ಹಳ್ಳಿ ಹಳ್ಳಿ ತಿರುಗಿ ಸಂಸ್ಕಾರಗಳನ್ನು ನೀಡಿದ ಗುರುವಿನ ವಿಶ್ವಾಸವನ್ನು ಕೇವಲ ಆ ಪತ್ರಗಳಿಂದ ಅಳೆಯುವುದು ಅನ್ಯಾಯ.

ಅದೇ ವರ್ಷದ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಮತ್ತೆ ಬರಲಿಲ್ಲ. ಪ್ಯಾರಿಸ್ಸಿನ ತಮ್ಮ ಸಂಸ್ಥೆಯಲ್ಲಿ ನಿರ್ದೇಶಕರಾಗಿದ್ದು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾದರು. ಆಸೆಯಿಲ್ಲವೆಂದು ತಾವೇ ಬರೆದ ನಾಡುಗಳಿಗೆ ಹೊಸ ಗುರುಗಳನ್ನು ಬೀಳ್ಕೊಡುವ ಮನೆಯದು. 1848ರ ಫೆಬ್ರವರಿ 17ರಂದು ಅವರು ದೈವಾಧೀನರಾದರು. ಎರಡು ವರ್ಷಗಳ ತರುವಾಯ, 1850ರಲ್ಲಿ, ಮೈಸೂರು ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಅದನ್ನು ನಡೆಸಲು ಬಂದವರು ಅದೇ ಸಂಸ್ಥೆಯ ಗುರುಗಳು.