ದಮ್ಮಿದ್ದ ನಟಿ, ಮೀಸಾ ಜೈಲು ಮತ್ತು ನಮ್ಮ ಯಾದಗಿರಿಯ ಗಾಳಿ

ನಾನು ಮೊದಲ ಸಲ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋದದ್ದು ಗಾಳಿಯ ಕಾರಣಕ್ಕೆ. ಯಾದಗಿರಿ ಕಡೆಯ ಒಂದು ಕೈಗಾರಿಕಾ ಪ್ರದೇಶದ ಪಕ್ಕದ ಹಳ್ಳಿ ನಮ್ಮದು. ಹೊತ್ತು ಮುಳುಗಿದರೆ ಊರ ತುಂಬ ರಾಸಾಯನಿಕದ ಗಬ್ಬುನಾತ. ಕಚೇರಿ ಕಚೇರಿ ಅಲೆದು, ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಶಹಾಪುರ, ಸುರಪುರದ ಗೆಳೆಯರನ್ನೂ ಕೂಡಿಸಿಕೊಂಡು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಶಹಾಪುರದವರಿಗೆ ಗೋಗಿಯ ಯುರೇನಿಯಂ ಗಣಿಯ ಭಯ, ನಮಗೆ ನಾತದ ಕಾಟ. ಎರಡೂ ಒಂದೇ ಬ್ಯಾನರಿನಲ್ಲಿ ಹಿಡಿಸಿದವು.

ಜೊತೆಗೆ ನಮ್ಮ ದೊಡ್ಡವ್ವ ಇದ್ದಳು. ಆಕೆಗೆ ದಮ್ಮು. ಮಧ್ಯಾಹ್ನದ ಹೊತ್ತಿಗೆ ಉಸಿರು ಹಿಡಿದುಕೊಂಡು ಒಂದು ಹಳೇ ಗೋಡೆಗೆ ಒರಗಿ ಕುಂತುಬಿಟ್ಟಳು. ಅವಳಿಗೆ ಇನ್‌ಹೇಲರ್ ಕೊಡುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯ ಸಂಗಾತಿಯೊಬ್ಬರು, ಈ ಜಾಗ ಹಿಂದೆ ಸೆಂಟ್ರಲ್ ಜೈಲು ಆಗಿತ್ತು, ಇಂಥದ್ದೇ ದಮ್ಮಿದ್ದ ಒಬ್ಬ ಸಿನಿಮಾ ನಟಿಯನ್ನ ತುರ್ತು ಪರಿಸ್ಥಿತಿಯಲ್ಲಿ ಇಲ್ಲೇ ಇಟ್ಟಿದ್ದರು ಅಂತ ಹೇಳಿದರು. ಸ್ನೇಹಲತಾ ರೆಡ್ಡಿ ಅನ್ನೋ ಹೆಸರು ನನಗೆ ಪರಿಚಯವಾದದ್ದು ಹೀಗೆ. ಪಿಯುಸಿ, ಡಿಗ್ರಿ ಎರಡೂ ಮುಗಿಸಿದ್ದೆ, ಯಾರೂ ಹೇಳಿರಲಿಲ್ಲ.

ಅವರು ಹುಟ್ಟಿದ್ದು 1932ರಲ್ಲಿ. ಮದ್ರಾಸಿನ ಇಂಗ್ಲಿಷ್ ರಂಗಭೂಮಿಯಲ್ಲಿ ದೊಡ್ಡ ಹೆಸರು, ಮದ್ರಾಸ್ ಪ್ಲೇಯರ್ಸ್ ತಂಡ ಕಟ್ಟಿದವರಲ್ಲಿ ಒಬ್ಬರು. ಗಂಡ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಸಿನಿಮಾ ನಿರ್ಮಾಪಕ. ಇಬ್ಬರೂ ರಾಮಮನೋಹರ ಲೋಹಿಯಾ ಅವರ ಹಿಂದೆ ಹೋದವರು. 1970ರಲ್ಲಿ ಪಟ್ಟಾಭಿ ಅವರು ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಸಿನಿಮಾ ಮಾಡಿದಾಗ ಸ್ನೇಹಲತಾ ಚಂದ್ರಿಯಾದರು. ಗಿರೀಶ ಕಾರ್ನಾಡ ಪ್ರಾಣೇಶಾಚಾರ್ಯ, ಲಂಕೇಶ್ ನಾರಣಪ್ಪ. ಸೆನ್ಸಾರ್ ಮಂಡಳಿ ಮೊದಲು ತಡೆದ ಆ ಚಿತ್ರ ಆಮೇಲೆ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿ ತಂದಿತು. ಅಗ್ರಹಾರದವರು ಹೆಣದ ಸಂಸ್ಕಾರ ಯಾರು ಮಾಡಬೇಕು ಅಂತ ಶಾಸ್ತ್ರ ಹುಡುಕುತ್ತಾ ಕೂತಾಗ, ಮೈಮೇಲಿನ ಒಡವೆ ಬಿಚ್ಚಿಟ್ಟವಳು ಚಂದ್ರಿ. ಅದೂ ಕೆಲಸಕ್ಕೆ ಬಾರದೆ ಹೋದಾಗ ಒಬ್ಬ ಮುಸಲ್ಮಾನನ ನೆರವಿನಿಂದ ಹೆಣ ಸುಡಿಸಿದವಳೂ ಅವಳೇ. ನೋಡಿಲ್ಲದಿದ್ದರೆ ದಯವಿಟ್ಟು ನೋಡಿ.

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂತು. ಸಮಾಜವಾದಿ ಜಾರ್ಜ್ ಫರ್ನಾಂಡಿಸ್ ಭೂಗತರಾದರು. ರೆಡ್ಡಿ ದಂಪತಿ ಅವರಿಗೆ ಆಪ್ತರು. ಇದನ್ನ ಮುಚ್ಚಿಡೋದು ಬೇಡ. ಜಾರ್ಜ್ ಗುಂಪಿನ ದಾರಿ ಬರೀ ಕರಪತ್ರ ಹಂಚುವ ದಾರಿಯಾಗಿರಲಿಲ್ಲ. ರೈಲು ಹಳಿ, ಸೇತುವೆ ಸ್ಫೋಟಿಸುವ ಸಂಚು ಅನ್ನೋದು ಬರೋಡಾ ಡೈನಮೈಟ್ ಪ್ರಕರಣದ ಆರೋಪ. ಆ ದಾರಿ ಸರಿಯೋ ತಪ್ಪೋ ಅಂತ ನಾವು ವಾದ ಮಾಡಬಹುದು. ಆದರೆ ಸ್ನೇಹಲತಾ ವಿಷಯದಲ್ಲಿ ಪ್ರಭುತ್ವ ಆ ವಾದವನ್ನ ಕೋರ್ಟಿಗೇ ತರಲಿಲ್ಲ.

1976ರ ಮೇ 1ರಂದು ಜಾರ್ಜ್ ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ಮಾರನೇ ದಿನ, ಮೇ 2ರಂದು, ಸ್ನೇಹಲತಾ ಬಂಧನ. ಇದಕ್ಕೆ ಬರೀ ನಾಲ್ಕು ದಿನ ಮೊದಲು, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟ್ ಎಡಿಎಂ ಜಬಲ್‌ಪುರ ತೀರ್ಪು ಕೊಟ್ಟಿತ್ತು: ತುರ್ತು ಪರಿಸ್ಥಿತಿ ಇರುವಷ್ಟು ಕಾಲ, ನನ್ನನ್ನು ಯಾಕೆ ಹಿಡಿದಿರಿ ಅಂತ ಯಾರೂ ಹೈಕೋರ್ಟಿನಲ್ಲಿ ಕೇಳುವ ಹಾಗಿಲ್ಲ. ಮೀಸಾ ಕಾಯ್ದೆಗೆ ಇನ್ನೇನು ಬೇಕು? ಜೂನ್‌ನಲ್ಲಿ ಜಾರ್ಜ್ ಕಲ್ಕತ್ತಾದಲ್ಲಿ ಸಿಕ್ಕಿಬಿದ್ದರು. ಸೆಪ್ಟೆಂಬರಿನಲ್ಲಿ 25 ಮಂದಿಯ ಮೇಲೆ ಆರೋಪಪಟ್ಟಿ ಬಂತು. ಅದರಲ್ಲಿ ಸ್ನೇಹಲತಾ ಹೆಸರಿಲ್ಲ. ಹೆಸರಿಲ್ಲದಿದ್ದರೂ ಬಿಡಲಿಲ್ಲ.

ಒಬ್ಬರಿಗಷ್ಟೇ ಸಾಲುವ ಕೋಣೆ, ಅದರ ಮೂಲೆಯಲ್ಲೇ ಪಾಯಖಾನೆಯ ತೂತು. ಮೊದಲೇ ತೀವ್ರ ದಮ್ಮು, ಸರಿಯಾದ ಚಿಕಿತ್ಸೆ ಇಲ್ಲ. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಅವರು, ರಾತ್ರಿ ಹೊತ್ತು ಆಕೆಯ ಕೋಣೆಯಿಂದ ಕೂಗು ಕೇಳುತ್ತಿದ್ದುದನ್ನು ಮುಂದೆ ನೆನೆದು ಬರೆದಿದ್ದಾರೆ. ವಾಜಪೇಯಿ, ಅಡ್ವಾಣಿ ಕೂಡ ಈ ಜೈಲಿನಲ್ಲಿದ್ದವರೇ.

ನನ್ನನ್ನ ಹೆಚ್ಚು ಕಾಡಿದ್ದು ಬೇರೆ ಸಂಗತಿ. ರಾಜಕೀಯ ಕೈದಿ ಅಂತ ಆಕೆ ದೂರ ಕೂರಲಿಲ್ಲ. ಜೈಲಿನ ಬಡ ಹೆಣ್ಣುಮಕ್ಕಳಿಗೆ ಹೊಡೆಯೋದನ್ನ ನಿಲ್ಲಿಸಿ ಅಂತ ಜಗಳಕ್ಕೆ ನಿಂತರು, ಊಟ ಸುಧಾರಿಸಿ ಅಂತ ಹಟ ಹಿಡಿದರು, ಅವರಿಗೆ ಹಾಡು ಆಟ ಕಲಿಸಿದರು. ಇದೆಲ್ಲದರ ನಡುವೆ ಡೈರಿ ಬರೆದರು. ಅದು ಪುಸ್ತಕವಾದದ್ದು ಅವರು ಸತ್ತ ಮೇಲೆ.

ಸ್ನೇಹಲತಾ ಪರಿಸರ ಹೋರಾಟಗಾರ್ತಿ ಆಗಿರಲಿಲ್ಲ. ಈಗಿನ ಭಾಷೆಯನ್ನ ಅವರ ಮೇಲೆ ಹೊರಿಸೋದು ಸುಳ್ಳಾಗುತ್ತದೆ. ಆದರೆ ಒಂದು ತಾರೀಖು ನೋಡಿ. ನಾವು ಪ್ರತಿ ಅರ್ಜಿಯಲ್ಲೂ ಬರೆಯುವ ಸಂವಿಧಾನದ 48ಎ ವಿಧಿ, ಅಂದ್ರೆ ಪರಿಸರವನ್ನು, ಕಾಡನ್ನು ಕಾಪಾಡುವುದು ಸರ್ಕಾರದ ಹೊಣೆ ಅನ್ನುವ ವಿಧಿ, ಮೂಲ ಸಂವಿಧಾನದಲ್ಲಿ ಇರಲಿಲ್ಲ. ಅದು ಬಂದದ್ದು ತುರ್ತು ಪರಿಸ್ಥಿತಿಯ 42ನೇ ತಿದ್ದುಪಡಿಯಿಂದ. ಜಾರಿಯಾದದ್ದು 1977ರ ಜನವರಿ 3ಕ್ಕೆ. ಅವತ್ತು ಸ್ನೇಹಲತಾ ಇದೇ ಜೈಲಿನಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದರು. ಗಾಳಿ ಕಾಪಾಡುತ್ತೇನೆ ಅಂತ ಕಾಗದದ ಮೇಲೆ ಬರೆದ ಪ್ರಭುತ್ವವೇ ಒಬ್ಬ ಹೆಣ್ಣುಮಗಳ ಉಸಿರನ್ನ ಕೋಣೆಯಲ್ಲಿ ಕೂಡಿಹಾಕಿತ್ತು.

ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು. 18ಕ್ಕೆ ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ಕ್ಕೆ ಸ್ನೇಹಲತಾ ತೀರಿಕೊಂಡರು. ಸುಮಾರು 45 ವಯಸ್ಸು.

ಈ ಕಥೆಯನ್ನ ನಮ್ಮ ಮನೆಯಲ್ಲಿ ಹೇಳೋದು ಸುಲಭ ಆಗಲಿಲ್ಲ. ಆಗ ಕರ್ನಾಟಕದ ಮುಖ್ಯಮಂತ್ರಿ ದೇವರಾಜ ಅರಸು. ನಮ್ಮ ಮುತ್ಯಾ ಗೇಣಿಗೆ ಮಾಡುತ್ತಿದ್ದ ಹೊಲ ನಮ್ಮದಾದದ್ದು ಅರಸು ಅವರ 1974ರ ಭೂಸುಧಾರಣೆಯಿಂದ. ಇವತ್ತಿಗೂ ನಮ್ಮ ಪಡಸಾಲೆಯಲ್ಲಿ ಅರಸು ಫೋಟೋ ಇದೆ. ಸ್ನೇಹಲತಾ ಸವೆದದ್ದು ಅದೇ ಅರಸು ಸರ್ಕಾರದ ಜೈಲಿನಲ್ಲಿ. ಫೋಟೋ ತೆಗೀಬೇಕು ಅಂತ ನಾನು ಹೇಳಲ್ಲ. ಹೊಲ ಕೊಟ್ಟ ಸರ್ಕಾರ ಜೈಲಿಗೂ ಹಾಕಿತು, ಎರಡೂ ನಿಜ ಅಂತಷ್ಟೇ ಹೇಳಿದೆ. ನಮ್ಮಪ್ಪ ಎರಡು ದಿನ ಮಾತು ಬಿಟ್ಟ.

ಇನ್ನೊಂದು ಕಡೆ ನೋಡಿ. 2024ರಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು ಸಂವಿಧಾನ ಹತ್ಯಾ ದಿನ ಅಂತ ಘೋಷಿಸಿತು. ಕಾಂಗ್ರೆಸ್ಸಿಗರು ಆ ದಿನ ಮಾತಾಡೋದೇ ಇಲ್ಲ, ಬಿಜೆಪಿಯವರು ಅವತ್ತೊಂದೇ ದಿನ ಮಾತಾಡುತ್ತಾರೆ. ಆದರೆ ಇದೇ ಕೇಂದ್ರದ ಆಳ್ವಿಕೆಯಲ್ಲಿ, ಯುಎಪಿಎ ಅಡಿ ಬಂಧಿಯಾಗಿದ್ದ 84ರ ಹರೆಯದ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ಜಾಮೀನು ಸಿಗದೆ ತೀರಿಕೊಂಡರು. ಅದೇ ವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನ ಹವಾಮಾನ ಹೋರಾಟಗಾರ್ತಿ ದಿಶಾ ರವಿಯನ್ನು ದೆಹಲಿ ಪೊಲೀಸರು ಹಿಡಿದೊಯ್ದದ್ದು ಒಂದು ಟೂಲ್‌ಕಿಟ್ಟಿಗಾಗಿ. ಲೋಹಿಯಾ ಪಾಳೆಯದ ಸ್ನೇಹಲತಾ ಈ ಎರಡು ಪಕ್ಷಗಳಲ್ಲಿ ಯಾರ ಮನೆಮಗಳೂ ಅಲ್ಲ. ಹಂಗಾಗಿ ಅವರ ಹೆಸರಲ್ಲಿ ಸಭೆ ಮಾಡೋಕೆ ಯಾರಿಗೂ ಅವಸರವಿಲ್ಲ.

ಎಡಿಎಂ ಜಬಲ್‌ಪುರ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟೇ ಹೇಳಿ ಅದನ್ನು ರದ್ದು ಮಾಡಿದ್ದು 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಹಾಕಿದ್ದ ಕೇಸಿನಲ್ಲಿ. 41 ವರ್ಷ ಹಿಡಿಯಿತು. ಅವತ್ತು ಅಮಾನತಾಗಿದ್ದ 21ನೇ ವಿಧಿಯೇ ಇವತ್ತು ಶುದ್ಧ ಗಾಳಿ ನಮ್ಮ ಹಕ್ಕು ಅಂತ ಕೇಳೋಕೆ ನಮಗಿರುವ ಆಧಾರ.

ಈಗ ಬೆಂಗಳೂರಿನಲ್ಲಿ ಧರಣಿ ಮಾಡಬೇಕಂದ್ರೆ ಫ್ರೀಡಂ ಪಾರ್ಕಿಗೇ ಹೋಗಬೇಕು, ಬೇರೆ ಕಡೆ ಅನುಮತಿ ಇಲ್ಲ. ಜೈಲಿನ ಗೋಡೆ ಒಳಗೆ ಕೂಗೋದಕ್ಕಷ್ಟೇ ನಮಗೆ ಬಿಡುಗಡೆ ಅಂತ ನಮ್ಮ ಸುರಪುರದ ಗೆಳೆಯ ನಗಾಡುತ್ತಾನೆ. ಹೋದ ವಾರ ಹೊಸ ಅರ್ಜಿ ಬರೆದೆವು. 21, 48ಎ ಎರಡನ್ನೂ ಸೇರಿಸಿದ್ದೇನೆ. ದೊಡ್ಡವ್ವ ಓದಿಸಿ ಕೇಳಿದಳು, ಆ ನಟಿ ಹೆಸರು ಯಾಕ ಹಾಕಿಲ್ಲ ಅಂತ ಬೈದಳು, ಆಮೇಲೆ ಹೆಬ್ಬೆಟ್ಟು ಒತ್ತಿದಳು.