ಹಸಿರು ನೀರೆಲ್ಲ ಕೆಟ್ಟ ನೀರೇ? ಪಾಚಿಗೆ ಬದುಕು ಕೊಟ್ಟ ಅಯ್ಯಂಗಾರರು

ನಂಜನಗೂಡಿನ ಸ್ನಾನಘಟ್ಟದಲ್ಲಿ ಕಾಲು ಜಾರಿದವರಿಗೆ ಪಾಚಿ ಅಂದರೆ ಬರೀ ಕೊಳೆ. ಎಂ.ಒ. ಪಾರ್ಥಸಾರಥಿ ಅಯ್ಯಂಗಾರರಿಗೆ ಅದೇ ಬದುಕು. ಹೆಸರಿನ ‘ಎಂ’ ಅಂದರೆ ಮಂಡಯಂ. ಹುಟ್ಟಿದ್ದು ಮದ್ರಾಸಿನಲ್ಲಿ, 1886ರಲ್ಲಿ.

ಅಲ್ಲೇ ಸಸ್ಯಶಾಸ್ತ್ರದ ಮೇಷ್ಟ್ರಾಗಿ ಕೆರೆ, ಕುಂಟೆ, ಕಡಲತೀರ ಅಲೆದು ಪಾಚಿ ಹುಡುಕಿದರು. ಪಾಂಬನ್ ಬಳಿಯ ಕ್ರುಸಡೈ ದ್ವೀಪದ ಕಡಲ ಸಸ್ಯಗಳ ಬಗ್ಗೆ 1927ರಲ್ಲಿ ಬರೆದರು. ನಲವತ್ತು ದಾಟಿದ ಮೇಲೆ ಲಂಡನ್ನಿಗೆ ಹೋಗಿ ಪ್ರೊ. ಫ್ರಿಟ್ಶ್ ಬಳಿ ಕಲಿತು 1930ರಲ್ಲಿ ಪಿಎಚ್.ಡಿ. ಪಡೆದರು. ಒದ್ದೆ ಮಣ್ಣಿನಲ್ಲಿ ಸಿಕ್ಕ ಹೊಸ ಪಾಚಿಗೆ 1932ರಲ್ಲಿ ಗುರುವಿನ ಹೆಸರನ್ನೇ ಇಟ್ಟರು: ಫ್ರಿಟ್ಶಿಯೆಲ್ಲಾ.

ಇದರಿಂದ ನಮಗೇನು ಅಂತೀರಾ? ಉಪ್ಪುನೀರಿನ ಮೀನು ಸಾಕಣೆಯ ತ್ಯಾಜ್ಯನೀರಲ್ಲಿ ಮೀನಿನ ಮಲ, ಉಳಿದ ಮೇವಿನಿಂದ ಬಂದ ಅಮೋನಿಯಾ, ಫಾಸ್ಫೇಟ್ ತುಂಬಿರುತ್ತವೆ. ಟೆಟ್ರಾಸೆಲ್ಮಿಸ್‌ನಂಥ ಕಡಲ ಸೂಕ್ಷ್ಮಪಾಚಿ ಅವನ್ನೇ ಗೊಬ್ಬರದಂತೆ ಹೀರಿ ಬೆಳೆಯುತ್ತದೆ. ಬೆಳೆದದ್ದನ್ನು ಸೋಸಿ ತೆಗೆಯಲೇಬೇಕು. ಅಲ್ಲೇ ಕೊಳೆತರೆ ಆಮ್ಲಜನಕ ಕುಸಿದು ಮೀನು ಸಾಯುತ್ತವೆ. ಹಾಗಂತ ಪಾಚಿಯೆಲ್ಲ ಒಳ್ಳೆಯದೆಂದು ಫಾರ್ವರ್ಡ್ ಮಾಡಬೇಡಿ. ಸಿಹಿನೀರಿನ ಮೈಕ್ರೋಸಿಸ್ಟಿಸ್ ವಿಷ ಉಂಟುಮಾಡಬಲ್ಲದು. ಬರಿಗಣ್ಣಿಗೆ ಎರಡೂ ಹಸಿರೇ. ಯಾವುದು ಯಾವುದೆಂದು ಹೇಳಲು ಸೂಕ್ಷ್ಮದರ್ಶಕ ಬೇಕು, ಗುರುತಿಸಬಲ್ಲವರೂ ಬೇಕು.

ಅಯ್ಯಂಗಾರರು ತ್ಯಾಜ್ಯನೀರು ಶುದ್ಧಮಾಡಲು ಹೋದವರಲ್ಲ, ಆದರೆ ಗುರುತಿಸಬಲ್ಲವರನ್ನು ತಯಾರು ಮಾಡಿದರು. ಅವರ ಶಿಷ್ಯ ದೇಶಿಕಾಚಾರಿ 1959ರಲ್ಲಿ ನೀಲಿ-ಹಸಿರು ಪಾಚಿಗಳ ಬಗ್ಗೆ ‘ಸಯನೋಫೈಟಾ’ ಎಂಬ ದೊಡ್ಡ ಗ್ರಂಥ ಹೊರತಂದರು. ಅದಾಗಿ ನಾಲ್ಕು ವರ್ಷಕ್ಕೆ, 1963ರಲ್ಲಿ, ಅಯ್ಯಂಗಾರರು ತೀರಿಕೊಂಡರು.